ಮೈ ಒದರದ ಟಗರು

ಶ್ರೀರಂಗಪಟ್ಟಣ
೧೨ ಜೂನ್ ೨೦೨೪

ಲೇ ಸಿದ್ದಾರ್ಥ,

ಕವರು ಒಡೆದು, ಇದು ಮದುವೆಯ ಕರೆಯೋಲೆಯೂ ಅಲ್ಲ ಕೋರ್ಟಿನ ನೋಟೀಸೂ ಅಲ್ಲ ಅಂತ ಗೊತ್ತಾದ ಮೇಲೆ ನೀನು ನಕ್ಕಿರುತ್ತೀಯ. ನಗು. ಹೋದ ವಾರ ಫೋನಿನಲ್ಲಿ "ಏನಿದ್ರೂ ಬರ್ದು ಕಳ್ಸು ಕಣ್ಲಾ, ಬರ್ಯೋವಾಗ್ಲಾದ್ರೂ ಒಸಿ ಯೋಚ್ನೆ ಮಾಡ್ತೀಯ" ಅಂತ ಹೇಳಿ ಇಟ್ಟವನು ನೀನೇ. ನಾನು ತೆಗೆಯುವ ಸಿನಿಮಾದ ನಿರ್ಮಾಪಕ ಧರ್ಮೇಂದ್ರ ಅವರ ವಕೀಲರದ್ದೂ ಅದೇ ರಾಗ. ಕಥೆಯ ಕೊನೆ ಬದಲಾಯಿಸಬೇಕಾದರೆ ಲೇಖಕರ ಒಪ್ಪಿಗೆ ಬೇಕು ಅಂತ ಕರಾರಿನಲ್ಲಿ ನೀನು ಬರೆಸಿಕೊಂಡಿದ್ದೀಯಲ್ಲ, ಅದಕ್ಕೆ ಎಲ್ಲವೂ ಕಾಗದದ ಮೇಲೆ ಇರಲಿ ಅಂದರು. ಹಾಗಾಗಿ ನಿನ್ನ ಕಥೆಯನ್ನೇ ನಿನಗೆ ಹೇಳುವ ಗತಿ ನನಗೆ ಬಂದಿದೆ. ಕೇಳು.

ನಿನ್ನ "ಕೆರೆಯಡಿಯ ಊರು" ಕಾದಂಬರಿಯಲ್ಲಿ ಚಿನ್ನು ಅನ್ನುವ ಹುಡುಗಿ ಕೆರೆಯ ತಳಕ್ಕೆ ಇಳಿದು ಇನ್ನೊಂದು ಊರಿಗೆ ಹೋಗುತ್ತಾಳೆ. ಅಲ್ಲಿ ಸೂರ್ಯ ಹುಟ್ಟಬೇಕಾದರೆ ವರ್ಷಕ್ಕೊಂದು ಟಗರು ಕಡಿಯಬೇಕು. ಕಡಿಯುವ ಮುಂಚೆ ನಮ್ಮೂರಿನ ಹಾಗೆಯೇ ಅದರ ಬೆನ್ನ ಮೇಲೆ ನೀರು ಬಿಡುತ್ತಾರೆ. ಮೈ ಕೊಡವಿ ಒದರಿದರೆ ಅದು ಒಪ್ಪಿತು ಅಂತ ಲೆಕ್ಕ. ಚಿನ್ನು ಸಾಕಿದ ಟಗರು ಒದರುವುದಿಲ್ಲ, ಕಂಬದ ಹಾಗೆ ನಿಂತಿರುತ್ತದೆ. ಆ ಊರಿನ ದೇವತೆ ಸರಿ ಬಿಡಿ ಅನ್ನುತ್ತಾಳೆ. ಸೂರ್ಯ ಹುಟ್ಟುವುದಿಲ್ಲ. ಜನ ದೀಪ ಹಚ್ಚಿಕೊಳ್ಳುತ್ತಾರೆ. ಮುಗಿಯಿತು.

ಓದುವುದಕ್ಕೆ ಚೆನ್ನಾಗಿದೆ ಕಣೋ, ನಾನೇ ಹೇಳಿದ್ದೆನಲ್ಲ. ಆದರೆ ಥಿಯೇಟರಿನಲ್ಲಿ ಎರಡೂವರೆ ಗಂಟೆ ಕೂತವನಿಗೆ ಕೊನೆಗೆ ಕತ್ತಲು ತೋರಿಸಿ ಕಳಿಸಿದರೆ ಕುರ್ಚಿ ಕಿತ್ತು ಎಸೆಯುತ್ತಾನೆ. ನನ್ನ ಸಿನಿಮಾದಲ್ಲಿ ಆ ಟಗರು ನಿಜವಾಗಿ ಆ ಊರಿನ ದೇವರು, ವೇಷ ಮರೆಸಿಕೊಂಡಿರುತ್ತದೆ. ತಾನಾಗಿ ಮೈ ಒದರಿ ಕತ್ತು ಕೊಡುತ್ತದೆ. ಆಮೇಲೆ ಕೊಂಬಿನ ಮೇಲೆ ಸೂರ್ಯನನ್ನು ಹೊತ್ತು ಎದ್ದು ಬರುತ್ತದೆ. ಮಾಯಾಲೋಕದ ಕಥೆಗಳು ಜಗತ್ತಿನಲ್ಲೆಲ್ಲ ನಡೆಯುವುದು ಹೀಗೇ. ಮಕ್ಕಳು ಪ್ರಾಣಿ ನೋಡುತ್ತಾರೆ, ದೊಡ್ಡವರು ಅದರೊಳಗಿನ ದೇವರನ್ನು ನೋಡುತ್ತಾರೆ. ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ.

ಇದಕ್ಕೆ ನೀನು ಹೂಂ ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು. ನಿಮ್ಮಪ್ಪ ಮುದ್ದಯ್ಯನವರನ್ನು ಕೇಳಿದೆ ಅಂತ ಹೇಳು.

ಇಂತಿ,
ಲೋಕೇಶ್

*

ಶೀಳನೆರೆ
೩೦ ಜೂನ್ ೨೦೨೪

ಪ್ರಿಯ ಲೋಕೇಶ್,

ಕಾಗದ ತಲುಪಿತು. ಅಪ್ಪನಿಗೆ ಓದಿ ಹೇಳಿದೆ. "ಲೋಕಪ್ಪ ಇನ್ನೂ ಕಾಗ್ದ ಬರೀತಾನಾ" ಅಂತ ಖುಷಿಪಟ್ಟ. ಇಲ್ಲಿ ಸ್ಕೂಲು ಶುರುವಾಗಿದೆ, ಹತ್ತನೇ ಕ್ಲಾಸಿನ ಕನ್ನಡ ಈ ವರ್ಷವೂ ನನಗೇ ಬಂದಿದೆ.

ವಕೀಲರಿಗೆ ದಾಖಲೆ ಬೇಕಾದರೆ ನಾನೂ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನಮಗೆ ಹತ್ತು ವರ್ಷವಿದ್ದಾಗ ನೀನು ಜ್ವರ ಬಂದು ಮಲಗಿದ್ದೆ. ನಿಮ್ಮಜ್ಜಿ ದೊಡ್ಡತಾಯಮ್ಮ ಮಾರಮ್ಮನಿಗೆ ಟಗರು ಹರಕೆ ಹೊತ್ತರು. ಟಗರು ನಿಮ್ಮದು. ನಿಮ್ಮ ಮನೆಯ ಕುರಿಗಳನ್ನು ವಾರಕ್ಕೆ ಸಾಕುತ್ತಿದ್ದವರು ನಾವು, ಹುಟ್ಟಿದ ಮರಿಯಲ್ಲಿ ಅರ್ಧ ನಿಮಗೆ ಅರ್ಧ ನಮಗೆ. ಕೊಂಬಿಲ್ಲದ ಕರಿ ಟಗರು, ನಾನು ಬೋಳ ಅಂತ ಕರೆಯುತ್ತಿದ್ದೆ. ನನ್ನ ಕೈಯಿಂದ ಹುರುಳಿ ತಿಂದು ಬೆಳೆದದ್ದು.

ಬೆನ್ನ ಮೇಲೆ ನೀರು ಬಿಟ್ಟು ಒಪ್ಪಿತೋ ಇಲ್ಲವೋ ಅಂತ ಕೂಗಿ ಹೇಳುವುದು ನಮ್ಮ ಮನೆಯವರ ಕೆಲಸ. ಗುಡಿಯೊಳಗೆ ನಮಗೆ ಕೆಲಸವಿರಲಿಲ್ಲ, ಹೊರಗಡೆ ಇದೊಂದಿತ್ತು. ಅಪ್ಪ ನೀರು ಬಿಟ್ಟ. ಬೋಳ ಒದರಲಿಲ್ಲ. ಇನ್ನೊಂದು ಸಲ ಬಿಟ್ಟ. ಜನ ಕೈಮುಗಿದು ನಿಂತರು, ನಿಮ್ಮಜ್ಜಿ ತಪ್ಪುಕಾಣಿಕೆ ಕಟ್ಟಿದರು. ಮತ್ತೆ ಬಿಟ್ಟ. ಅದು ಸುಮ್ಮನೆ ನಿಂತಿತ್ತು. "ಒಪ್ನಿಲ್ಲ ಬುದ್ಧಿ" ಅಂದ ಅಪ್ಪ. ನಿಮ್ಮ ದೊಡ್ಡಪ್ಪ "ಇತ್ತಗೆ ಕೊಡ್ಲಾ" ಅಂತ ಚೊಂಬು ಕಿತ್ತುಕೊಂಡು ಅದರ ಕಿವಿಯೊಳಗೆ ನೀರು ಹುಯ್ದರು. ಕಿವಿಗೆ ಹುಯ್ದರೆ ಯಾವ ಕುರಿಯಾದರೂ ಒದರುತ್ತದೆ. ಒಪ್ತು ಒಪ್ತು ಅಂತ ಎಲ್ಲರೂ ಕೂಗಿದರು. ಅಪ್ಪ ಕೂಗಲಿಲ್ಲ.

ನಾನು ಪುಸ್ತಕ ಬರೆದದ್ದು, ಕಿವಿಗೆ ನೀರು ಹುಯ್ಯದ ಒಂದು ಊರನ್ನು ನೋಡಬೇಕು ಅನ್ನುವ ಆಸೆಯಿಂದ. ಅಂಥ ಊರು ನೆಲದ ಮೇಲೆ ಸಿಗದೆ ಕೆರೆಯೊಳಗೆ ಇಟ್ಟೆ. ನಿನ್ನ ಸಿನಿಮಾದಲ್ಲಿ ಅದು ಒದರುತ್ತದೆ ಅಂತಾದರೆ ನನಗೆ ಒಪ್ಪಿಗೆ ಇಲ್ಲ.

ನಿನ್ನ,
ಸಿದ್ದಾರ್ಥ

*

ಶ್ರೀರಂಗಪಟ್ಟಣ
೨೨ ಸೆಪ್ಟೆಂಬರ್ ೨೦೨೪

ಸಿದ್ದ,

ನಿನ್ನ ಕಾಗದ ಬಂದು ತಿಂಗಳುಗಳಾದವು, ಉತ್ತರ ತಡವಾಯಿತು. ಇಲ್ಲಿ ನಾವು ದೊಡ್ಡ ದೊಡ್ಡ ವಿಷಯ ಚರ್ಚೆ ಮಾಡುತ್ತಾ ಕೂತಿದ್ದೆವು. ಟಗರಿನ ಹಣೆಗೆ ಏನು ಬಳಿಯಬೇಕು ಅನ್ನುವುದು ಆ ವಿಷಯ.

ಧರ್ಮೇಂದ್ರ ಅವರಿಗೆ ಯಾರೋ ತಲೆಗೆ ಹುಳ ಬಿಟ್ಟಿದ್ದಾರೆ. "ಸತ್ತು ಎದ್ದು ಬರೋ ಕುರಿ ಅಂದ್ರೆ ಇದು ಬೇರೆ ಧರ್ಮದ ಕಥೆ ಅಂತಾರೆ ಕಣ್ರೀ, ನಮ್ದೇ ಅಂತ ನೋಡಿದ್ ತಕ್ಷಣ ಗೊತ್ತಾಗ್ಬೇಕು" ಅಂದರು. ಸರಿ, ನಾಮ ಇಡೋಣ ಅಂದ ಒಬ್ಬ. ನಾಮ ಇಟ್ಟರೆ ವಿಭೂತಿಯವರು ಬರುವುದಿಲ್ಲ ಅಂದ ಇನ್ನೊಬ್ಬ. ವಿಭೂತಿ ಬಳಿದರೆ ಮೇಲುಕೋಟೆ ಕಡೆಯವರಿಗೆ ಬೇಜಾರು. ಎರಡೂ ಬೇಡ, ಕುಂಕುಮ ಇಡಿ, ಅಮ್ಮನ ಕುಂಕುಮಕ್ಕೆ ಯಾರೂ ಬೇಡ ಅನ್ನುವುದಿಲ್ಲ ಅಂತ ತೀರ್ಮಾನವಾಯಿತು. ಕರಿ ಟಗರಿನ ಮೇಲೆ ಕುಂಕುಮ ಕಾಣುವುದಿಲ್ಲ ಅಂತ ಕ್ಯಾಮೆರಾದವನು ತಲೆ ಆಡಿಸಿದ. ಹೀಗಾಗಿ ನಿನ್ನ ಕರಿ ಟಗರು ಈಗ ಬಿಳಿಯದಾಗಿದೆ. ಕೊಂಬೂ ಬಂದಿದೆ, ಸೂರ್ಯನನ್ನು ಎಲ್ಲಾದರೂ ಇಡಬೇಕಲ್ಲ. ಬೈಯಬೇಡ, ನನಗೂ ನಗು ಬಂತು.

ಆದರೆ ನೀನು ಬರೆದದ್ದಕ್ಕೆ ನಗದೆ ಉತ್ತರ ಕೊಡಬೇಕು. ಅವತ್ತು ನಾನು ಗುಡಿಯ ಹತ್ತಿರ ಇರಲಿಲ್ಲ. ಕಂಬಳಿ ಹೊದ್ದು ಒಳಮನೆಯಲ್ಲಿ ಮಲಗಿದ್ದೆ. ಒಪ್ತು ಒಪ್ತು ಅಂತ ಕೂಗಿದ್ದು ಮನೆಗೆ ಕೇಳಿಸಿತು. ಅಜ್ಜಿ ಓಡಿ ಬಂದು "ಒಪ್ತು ಕಣ್ ಮಗ, ನೀನಿನ್ನು ಬದುಕ್ದೆ" ಅಂತ ನನ್ನ ಹಣೆ ಸವರಿದರು. ಅವರ ಕೈ ಒದ್ದೆಯಾಗಿತ್ತು. ನಾನು ಎದ್ದೆ, ಓಡಾಡಿದೆ, ಕಾಲೇಜಿಗೆ ಹೋದೆ, ಸಿನಿಮಾ ಕಲಿತೆ. ಪಾಂಡವಪುರದ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಆ ಕಿವಿಯ ವಿಷಯ ನೀನು ಹೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ನಾನು ಅದನ್ನು ನಂಬಲಿಲ್ಲ, ಈಗಲೂ ಪೂರ್ತಿ ನಂಬುವುದಿಲ್ಲ. ಅದು ಒಪ್ಪಿ ಹೋಯಿತು ಅಂದುಕೊಂಡರೆ ನನಗೆ ನಿದ್ದೆ ಬರುತ್ತದೆ. ದೇವರು ಪ್ರಾಣಿಯಾಗಿ ಬಂದು ತಾನಾಗಿ ಸಾಯುವ ಕಥೆಗಳನ್ನು ಲೋಕ ಯಾಕೆ ಕಟ್ಟಿಕೊಂಡಿದೆ ಅಂತ ನೀನು ಕೇಳಿದರೆ, ನನ್ನಂಥವರಿಗಾಗಿ ಅಂತಲೇ ನಾನು ಹೇಳುತ್ತೇನೆ. ಇನ್ನೊಂದು ಜೀವದ ಮೇಲೆ ಬದುಕಿಕೊಂಡವರು ನಾವು. ಅದು ಬೇಡ ಅಂದಿತ್ತು ಅಂತ ನಮಗೆ ಹೇಳಬೇಡ ಕಣೋ.

ನಿನ್ನ,
ಲೋಕಿ

*

ಶೀಳನೆರೆ
೯ ನವೆಂಬರ್ ೨೦೨೪

ಪ್ರಿಯ ಲೋಕೇಶ್,

ನೀನು ಬದುಕಿದ್ದು ನಾಗಮಂಗಲದ ಡಾಕ್ಟರ ಸೂಜಿಯಿಂದ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ನಿನ್ನನ್ನು ಮಲಗಿಸಿಕೊಂಡು ಹೋಗಿ ಬಂದವನು ನನ್ನಪ್ಪ. ಹರಕೆ ತೀರಿಸುವ ಹೊತ್ತಿಗೆ ಜ್ವರ ಇಳಿದು ನೀನು ಗಂಜಿ ಕುಡಿಯುತ್ತಿದ್ದೆ. ಆದ್ದರಿಂದ ಬೋಳನಿಗೂ ನಿನ್ನ ಜೀವಕ್ಕೂ ಸಂಬಂಧವಿಲ್ಲ, ನೀನು ಹಾಯಾಗಿ ನಿದ್ದೆ ಮಾಡಬಹುದು.

ನೀನು ಬದುಕಿದ್ದು ನನಗೆ ಸಂತೋಷ. ಆಗ ಇರಲಿಲ್ಲ. ಬೋಳನನ್ನು ಕಡಿದ ದಿನ ನಾನು ಅತ್ತೆ, ಜ್ವರ ಬಂದವನು ನೀನು ಅಂತ ನಿನ್ನ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ನಾವು ಒಟ್ಟಿಗೆ ಸ್ಕೂಲಿಗೆ ಹೋದೆವು, ಸಿಟ್ಟು ಹೋಯಿತು.

ಒಳ ಅರ್ಥದ ಮಾತಿಗೆ ಬರುತ್ತೇನೆ. ನನ್ನ ಕಥೆಯಲ್ಲಿ ದೇವರ ವಿಷಯ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಇದೆ. ಒಪ್ಪುತ್ತೀಯಾ ಅಂತ ಕೇಳಿದ ಮೇಲೆ ಉತ್ತರವನ್ನೂ ಕೇಳಿಸಿಕೊಳ್ಳುವ ದೇವತೆ ಒಬ್ಬಳಿದ್ದರೆ ಹೇಗಿರುತ್ತಾಳೆ ಅನ್ನುವುದು ನನ್ನ ಕಥೆ. ನೀನು ದೇವತೆಯನ್ನು ತೆಗೆದು ಟಗರನ್ನೇ ದೇವರು ಮಾಡಿದೆ. ಪ್ರಾಣಿಯನ್ನು ದೇವರು ಮಾಡಿಬಿಟ್ಟರೆ ಕತ್ತಿ ಹಿಡಿದವನಿಗೆ ಬಹಳ ಅನುಕೂಲ. ಅವನು ಕೊಂದದ್ದಲ್ಲ, ಅದೇ ಕೊಟ್ಟದ್ದು ಅಂತಾಗುತ್ತದೆ. ಮರುದಿನ ಅವನು ಅದರ ಪಟಕ್ಕೆ ಹೂವನ್ನೂ ಹಾಕಬಹುದು. ನಮ್ಮ ಕಡೆಯವರು ಈ ಮರ್ಯಾದೆಯನ್ನು ತುಂಬ ಕಂಡಿದ್ದಾರೆ, ಅದಕ್ಕೆ ಹೇಳಿದೆ.

ಇಲ್ಲಿಯ ಮಕ್ಕಳಿಗೆ ಪುಸ್ತಕ ಓದಿ ಹೇಳಿದ್ದೆ. ಟಗರು ಯಾರ ಗುರುತು ಅಂತ ಒಬ್ಬರೂ ಕೇಳಲಿಲ್ಲ. ಕೊನೆಯ ಬೆಂಚಿನ ಪಾರ್ವತಿ ಅನ್ನುವವಳು "ಆಮೇಕೆ ಅದು ಏನ್ ತಿಂತು ಸಾರ್, ಬಿಸ್ಲೇ ಇಲ್ದಿದ್ರೆ ಹುಲ್ಲು ಬೆಳ್ಯಕಿಲ್ವಲ್ಲ" ಅಂದಳು. ಅವಳಿಗಾಗಿ ಇನ್ನೊಂದು ಅಧ್ಯಾಯ ಬರೆಯಬೇಕು ಅಂದುಕೊಂಡಿದ್ದೇನೆ.

ಕೊನೆ ಬದಲಾಯಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಿನ್ನ,
ಸಿದ್ದಾರ್ಥ

*

ಶ್ರೀರಂಗಪಟ್ಟಣ
೧೮ ಜನವರಿ ೨೦೨೫

ಸಿದ್ದ,

ನೀನು ಗೆದ್ದೆ. ಮುಕ್ಕಾಲು ಪಾಲು ಗೆದ್ದೆ. ಧರ್ಮೇಂದ್ರ ಅವರ ಜೊತೆ ಗುದ್ದಾಡಿ ಹೊಸ ಕೊನೆ ಬರೆಸಿದ್ದೇನೆ, ಈ ಕವರಿನಲ್ಲೇ ಇದೆ. ಟಗರು ಮತ್ತೆ ಕರಿಯದಾಯಿತು. ಕುಂಕುಮ ಹೋಯಿತು, ಕೊಂಬು ಹೋಯಿತು. ಅದು ದೇವರೂ ಅಲ್ಲ, ಬರೀ ಟಗರು. ಕಡಿಯುವುದನ್ನು ತೋರಿಸುವುದಿಲ್ಲ, ಬಾಗಿಲು ಮುಚ್ಚುತ್ತೇವೆ. ಅದು ವಾಪಸು ಬರುವುದನ್ನೂ ಚಿನ್ನುವಿನ ಕನಸು ಅಂತ ಮಾಡಿದ್ದೇವೆ, ನಂಬುವವನು ನಂಬಲಿ.

ಒಂದು ಮಾತ್ರ ನನ್ನಿಂದ ಬಿಡಲಾಗುವುದಿಲ್ಲ. ಅದು ಮೈ ಒದರಬೇಕು. ಜೋರಾಗಿ ಬೇಡ, ಸ್ವಲ್ಪ ಒದರಿದರೆ ಸಾಕು. ಸೂರ್ಯ ಹುಟ್ಟದ ಸಿನಿಮಾಕ್ಕೆ ದುಡ್ಡು ಹಾಕುವವರು ಯಾರೂ ಇಲ್ಲ.

ಇನ್ನೊಂದು ವಿಷಯ. ಒಪ್ತು ಅಂತ ಕೂಗುವ ಪಾತ್ರಕ್ಕೆ ಮುದ್ದಯ್ಯನವರೇ ಬರಲಿ. ನಟನೆ ಬೇಡ, ಅವರು ಮಾಡುತ್ತಿದ್ದದ್ದನ್ನೇ ಮಾಡಿದರಾಯಿತು. ಅಪ್ಪನನ್ನು ದೊಡ್ಡ ತೆರೆಯ ಮೇಲೆ ನೋಡುವ ಆಸೆ ನಿನಗಿಲ್ಲವೇನು? ನನಗಂತೂ ಇದೆ.

ಸಹಿ ಹಾಕುವ ಕಾಗದ, ಸ್ಟಾಂಪು ಅಂಟಿಸಿದ ಕವರು ಎಲ್ಲ ಒಳಗಿದೆ. ಯುಗಾದಿಯ ತನಕ ಕಾಯುತ್ತೇನೆ. ಹಳೆಯ ಕೊನೆಗೆ ನೀನು ಬೇಡ ಅಂದದ್ದು ಹಳೆಯ ಕೊನೆಗೇ ಆಯಿತು, ಹೊಸದಕ್ಕೆ ಹೊಸ ಉತ್ತರ ಬೇಕು ಅನ್ನುತ್ತಾರೆ ವಕೀಲರು. ಉತ್ತರ ಬರದಿದ್ದರೆ ಒಪ್ಪಿದೆ ಅಂತಲೇ ತಿಳಿಯುತ್ತೇವೆ. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ನಿನ್ನ,
ಲೋಕಿ

*

ಶ್ರೀರಂಗಪಟ್ಟಣ
೭ ಏಪ್ರಿಲ್ ೨೦೨೫

ಸಿದ್ದಾರ್ಥ,

ಯುಗಾದಿ ಆಯಿತು, ಮರುದಿನದ ಹೊಸ ತೊಡಕಿನ ಬಾಡೂಟವೂ ಆಯಿತು. ನಿನ್ನಿಂದ ಬೇವೂ ಇಲ್ಲ, ಬೆಲ್ಲವೂ ಇಲ್ಲ.

ಕಾಗದ ತಲುಪಿದೆ ಅಂತ ಅಂಚೆಯವರ ಚೀಟಿ ಬಂದಿದೆ, ನಿನ್ನದೇ ಸಹಿ. ಫೋನು ಎತ್ತುತ್ತಿಲ್ಲ. ಹಟ ಮಾಡುತ್ತಿದ್ದೀಯ ಅಂತ ಮೊದಲು ಅಂದುಕೊಂಡೆ. ಆಮೇಲೆ, ಬಾಯಿಬಿಟ್ಟು ಹೂಂ ಅನ್ನುವುದಕ್ಕೆ ನಿನಗೆ ನಾಚಿಕೆ, ಸುಮ್ಮನಿದ್ದು ದಾರಿ ಬಿಡುತ್ತಿದ್ದೀಯ ಅಂತ ನನಗೆ ನಾನೇ ಹೇಳಿಕೊಂಡೆ. ವಕೀಲರು ಫೈಲು ಮುಚ್ಚಿದ್ದಾರೆ. ಮುಂದಿನ ತಿಂಗಳು ಶೂಟಿಂಗು, ಬಿಂಡಿಗನವಿಲೆಯ ಹತ್ತಿರ, ನಮ್ಮೂರಿನ ದಿಣ್ಣೆಯ ಮೇಲೆ ಗುಡಿಯ ಸೆಟ್ಟು ಹಾಕಿದ್ದೇವೆ. ಮುದ್ದಯ್ಯನವರ ಪಾತ್ರಕ್ಕೆ ಮೈಸೂರಿನ ನಾಟಕದವರೊಬ್ಬರನ್ನು ಕರೆಸಿದ್ದೇನೆ. ಒಳ್ಳೆಯ ನಟ.

ಬೇಡ ಅನ್ನುವುದಾದರೆ ಈಗಲಾದರೂ ಅನ್ನು.

ಲೋಕೇಶ್

*

ಬಿಂಡಿಗನವಿಲೆ
೨೧ ಮೇ ೨೦೨೫

ಸಿದ್ದ,

ಇವತ್ತು ಆ ದೃಶ್ಯ ತೆಗೆದೆವು. ಹೇಗಾಯಿತು ಅಂತ ನಿನಗೆ ಬರೆಯದಿದ್ದರೆ ಇನ್ಯಾರಿಗೆ ಬರೆಯಲಿ.

ಇಲ್ಲಿಯ ಒಬ್ಬರ ಹಟ್ಟಿಯಿಂದ ಕರಿ ಟಗರು ತಂದಿದ್ದೆವು. ಒಳ್ಳೆಯ ಜಾತಿ, ಗಟ್ಟಿ ಮುಖ. ಅದಕ್ಕೆ ಒಂದು ಗೀರೂ ಆಗಿಲ್ಲ, ಸಂಜೆಗೇ ವಾಪಸು ಬಿಟ್ಟುಬಂದೆವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಟಕದವರು ಚೊಂಬು ಹಿಡಿದು ನೀರು ಬಿಟ್ಟರು. ಅದು ಒದರಲಿಲ್ಲ. ಕಟ್ ಅಂದೆ. ಮೈ ಒರೆಸಿ ಮತ್ತೆ ತೆಗೆದೆವು. ಒದರಲಿಲ್ಲ. ಬಿಸಿಲು ಅಂಥದ್ದು, ತಣ್ಣಗಿನ ನೀರು ಬೀಳುತ್ತಿದ್ದದ್ದು ಅದಕ್ಕೆ ಹಿತವಾಗಿತ್ತು ಅಂತ ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿತ್ತು. ಮಧ್ಯಾಹ್ನದ ತನಕ ಇದೇ ಆಯಿತು. ಕಂಪ್ಯೂಟರಿನಲ್ಲಿ ಒದರಿಸೋಣ ಅಂದರು ಧರ್ಮೇಂದ್ರ. ಅದು ನೋಡಿದವರಿಗೆ ಗೊತ್ತಾಗುತ್ತದೆ, ಬೇಡ ಅಂದೆ.

ಹಟ್ಟಿಯ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. "ಅದ್ಯಾಕ್ ಇಂಗ್ ಒದ್ದಾಡ್ತೀರಿ, ಕಿವೀಗ್ ಒಂದ್ ತೊಟ್ಟು ಬುಡಿ, ತಾನೇ ಒದರ್ತದೆ" ಅಂದಳು. ನಾಟಕದವರಿಗೆ ಅದು ಹೇಗೆ ಅಂತ ಗೊತ್ತಾಗಲಿಲ್ಲ. ಚೊಂಬು ನಾನೇ ತೆಗೆದುಕೊಂಡೆ. ಕ್ಯಾಮೆರಾಕ್ಕೆ ಬೀಳದ ಹಾಗೆ ಬಗ್ಗಿ ಕಿವಿಗೆ ಬಿಟ್ಟೆ. ತಲೆಯಿಂದ ಬಾಲದ ತನಕ ಒದರಿತು. ನೀರು ನನ್ನ ಮುಖಕ್ಕೆಲ್ಲ ಎರಚಿತು. ಶಾಟ್ ಓಕೆ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾನಿಟರಿನಲ್ಲಿ ನೋಡಿದೆ. ಬಹಳ ಚೆನ್ನಾಗಿ ಬಂದಿದೆ, ನೋಡಿದವರು ನಂಬುತ್ತಾರೆ. ಊಟಕ್ಕೆ ಕರೆದರು, ನನಗೆ ಸೇರಲಿಲ್ಲ. ಬಿಸಿಲಿನ ಪಿತ್ತ ಇರಬೇಕು ಅಂದರು ಎಲ್ಲರೂ, ಹೌದು ಅಂದೆ.

ಲೋಕಿ

*

ಶ್ರೀರಂಗಪಟ್ಟಣ
೧೪ ಸೆಪ್ಟೆಂಬರ್ ೨೦೨೫

ಸಿದ್ದ,

ಎಡಿಟಿಂಗು ಮುಗಿಯಿತು. ಆ ಶಾಟನ್ನು ಎಷ್ಟು ಸಲ ನೋಡಿದೆನೋ. ಮೊದಮೊದಲು ಒದರುವುದನ್ನು ನೋಡುತ್ತಿದ್ದೆ. ಆಮೇಲೆ ಅದರ ಹಿಂದಿನದನ್ನು, ನಾವು ಕಟ್ ಮಾಡಿ ಬಿಸಾಡಿದ್ದನ್ನು ನೋಡುವುದಕ್ಕೆ ಶುರು ಮಾಡಿದೆ. ಅದು ಸುಮ್ಮನೆ ನಿಂತಿರುತ್ತದೆ, ನೀರು ಬೀಳುತ್ತಿರುತ್ತದೆ, ಅಷ್ಟೇ.

ಮೌನಂ ಸಮ್ಮತಿ ಅಂತ ನಿನಗೆ ಬರೆದಿದ್ದೆ. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ನಾನು ಹಾಗೆ ಬರೆಯಬಾರದಿತ್ತು. ಸುಮ್ಮನೆ ನಿಂತರೆ ಒಪ್ಪಲಿಲ್ಲ ಅಂತ ಅರ್ಥ, ಇದು ಅಲ್ಲಿಯ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ನೀನು ಉತ್ತರ ಬರೆಯದೆ ಕೂತಾಗ ನಾನು ಸಂಸ್ಕೃತ ಹಿಡಿದುಕೊಂಡೆ. ಕಾಗದದ ಮೇಲೆ ಕಾಗದ ಕಳಿಸಿದ್ದು, ಅಪ್ಪನಿಗೆ ಪಾತ್ರ ಕೊಡುತ್ತೇನೆ ಅಂದದ್ದು, ಎಲ್ಲ ನಿನ್ನ ಕಿವಿಗೆ ಬಿಟ್ಟ ನೀರೇ ಕಣೋ. ಆದರೂ ನೀನು ಒದರಲಿಲ್ಲ.

ಧರ್ಮೇಂದ್ರ ಅವರ ಹತ್ತಿರ ಹೋಗಿ ಆ ಕೊನೆ ತೆಗೆದುಹಾಕೋಣ ಅಂದೆ. "ನಿಮ್ಗೇನ್ ಹುಚ್ಚಾ" ಅಂದರು. ಸಿನಿಮಾ ಅವರದ್ದು, ನನ್ನ ಕೈಯಲ್ಲಿ ಅದನ್ನು ಬದಲಾಯಿಸುವ ಅಧಿಕಾರವಿಲ್ಲ. ಆಮೇಲೆ, ಸಿನಿಮಾದ ಶುರುವಿನಲ್ಲಿ ಒಂದು ಸಾಲು ಹಾಕಲು ಬಿಟ್ಟರೆ ನಾನು ಸುಮ್ಮನಿರುತ್ತೇನೆ, ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ ಅಂತ ಕೂತೆ. ಅವರ ವಕೀಲರು ಕೂಗಾಡಿದರು. ನಾನು ಏಳಲಿಲ್ಲ. ಸಾಲು ಬಂದಿದೆ.

ಪಾಂಡವಪುರದಲ್ಲಿ ನವೆಂಬರಿನ ಬಿಡುಗಡೆಯ ದಿನಕ್ಕೆ ಎರಡು ಟಿಕೆಟ್ಟು ಹೇಳಿಟ್ಟಿದ್ದೇನೆ. ಮುದ್ದಯ್ಯನವರನ್ನು ಕರೆದುಕೊಂಡು ಹೋಗು. ನಾನು ಅಲ್ಲಿಗೆ ಬರುವುದಿಲ್ಲ, ನಿಮ್ಮಿಬ್ಬರ ಮುಖ ನೋಡುವ ಧೈರ್ಯ ನನಗಿಲ್ಲ.

ನಿನ್ನ,
ಲೋಕಿ

*

ಶೀಳನೆರೆ
೨೩ ನವೆಂಬರ್ ೨೦೨೫

ಲೋಕಿ,

ಶುಕ್ರವಾರ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಕೆ.ಆರ್. ಪೇಟೆಗೆ ಹೋಗಿ ಅಲ್ಲಿಂದ ಪಾಂಡವಪುರದ ಬಸ್ಸು ಹಿಡಿದೆವು. ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು, ಆಟ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮುಟ್ಟಿದೆವು. ಅಪ್ಪ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಹೊಸ ಟವೆಲು ಹಾಕಿದ್ದ. ಥಿಯೇಟರು ತುಂಬಿತ್ತು. ಮಕ್ಕಳು ಜಾಸ್ತಿ ಇದ್ದರು. ಅಪ್ಪನಿಗೆ ಎಸಿ ತಣ್ಣಗಾಗಿ ಟವೆಲನ್ನು ಕಿವಿಗೆ ಸುತ್ತಿಕೊಂಡ.

ದೀಪ ಆರಿತು. ಮೊದಲು ಹೆಸರುಗಳು, ಆಮೇಲೆ ಕಪ್ಪು ತೆರೆಯ ಮೇಲೆ ನಿನ್ನ ಸಾಲು ಬಂತು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಅದನ್ನು ಜೋರಾಗಿ ಓದಿದಳು: "ಈ ಕಥೆಯ ಕೊನೆಯನ್ನು ಬದಲಾಯಿಸಲು ಕಥೆ ಬರೆದವರು ಒಪ್ಪಲಿಲ್ಲ. ಅವರನ್ನು ಕೇಳಿಯೂ ನಾವು ಬದಲಾಯಿಸಿದ್ದೇವೆ."

ಅಪ್ಪನಿಗೆ ಓದು ಬರುವುದಿಲ್ಲ ಅಂತ ನಿನಗೆ ಗೊತ್ತು. ಹುಡುಗಿ ಓದಿದ್ದು ಅರ್ಧ ಕೇಳಿಸಿತ್ತು. ಟವೆಲು ಬಿಚ್ಚಿ ನನ್ನ ಕಡೆ ಬಗ್ಗಿದ.

"ಯಾರ್ಲಾ ಒಪ್ನಿಲ್ವಂತೆ?"

"ನಾನು" ಅಂದೆ.

"ನೀನು ಒಪ್ನಿಲ್ಲ ಅಂತ ಲೋಕಪ್ಪ ಬರ್ಸವ್ನಾ?"

"ಊಂ."

"ಇಷ್ಟ್ ಜನಕ್ಕೂ ಕಾಣಂಗೆ?"

"ಊಂ ಕಣಪ್ಪ."

ಅವನು ತೆರೆಯ ಕಡೆ ತಿರುಗಿದ. ಅಷ್ಟರಲ್ಲಿ ಸಾಲು ಹೋಗಿ ಕೆರೆ ಬಂದಿತ್ತು, ಚೆನ್ನಾಗಿತ್ತು. ಅಪ್ಪ ಎದ್ದು ನಿಂತ.

"ಮತ್ ಇನ್ನೇನ್ ನೋಡಾದು? ಒಪ್ನಿಲ್ಲ ಅಂದ್ಮೇಲೆ ಆಯ್ತಲ್ಲ. ಏಳು, ಮನೆಗೋಗವ."

ಹಿಂದಿನವರು ಕೂತ್ಕೊಳಜ್ಜ ಅಂತ ಕೂಗಿದರು. ಅಪ್ಪ ಅವರ ಕಡೆ ತಿರುಗಿ, "ಒಪ್ನಿಲ್ವಂತೆ ಕಣ್ರಪ್ಪ, ಎದ್ದೇಳಿ" ಅಂದ, ಇನ್ನೂ ಗೊತ್ತಾಗದವರಿಗೆ ತಿಳಿಸಿ ಹೇಳುವ ಹಾಗೆ. ಯಾರೂ ಏಳಲಿಲ್ಲ. ನಾನು ಎದ್ದೆ. ಅವನ ಕೈ ಹಿಡಿದು ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಬಂದೆ. ಗೇಟಿನವನು ಏನಾಯಿತು ಅಂತ ಕೇಳಿದ, ಏನೂ ಇಲ್ಲ ಅಂದೆ. ನನಗೆ ಅಷ್ಟು ಸಂತೋಷವಾಗಿ ಯಾವ ಕಾಲವಾಯಿತೋ. ಬೀದಿಯಲ್ಲಿ ನಿಂತು ಒಬ್ಬನೇ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಹಾಗಾಗಿ ನಿನ್ನ ಸಿನಿಮಾವನ್ನು ನಾವಿಬ್ಬರೂ ನೋಡಿಲ್ಲ, ಚೆನ್ನಾಗಿದೆ ಅಂತ ಸುಳ್ಳು ಹೇಳಲಾರೆ.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದೆವು. ಬಸ್ಸು ಹೊರಟ ಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ, "ಅಂಗೆ ಬರ್ದುದ್ಕೆ ಅವ್ನಿಗೇನೂ ತೊಂದ್ರೆ ಆಗಾಕಿಲ್ವಾ?" ಅಂತ ಕೇಳಿದ. ಗೊತ್ತಿಲ್ಲ ಅಂದೆ. ನಿನ್ನೆಯೂ ಕೇಳಿದ, ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ಮತ್ತೆ ಕೇಳಿದ.

ತೊಂದರೆ ಏನಾದರೂ ಆಯಿತೇನೋ? ಬೇಗ ಬರೆ. ಅಪ್ಪ ಕೇಳುತ್ತಿದ್ದಾನೆ. ನಾನೂ ಕೇಳುತ್ತಿದ್ದೇನೆ.

ಸಿದ್ದ